ಗ್ರಾಹಕ ಆಯೋಗಕ್ಕೆ 5ರಲ್ಲಿ ಮೂರೂವರೆ ಸ್ಟಾರ್: ಒಂದು ಹೊಲಿಗೆ ಮೆಷಿನ್ ಕೇಸಿನ ಕಥೆ

ನಮ್ಮ ಮನೆಯಲ್ಲಿ ಕೋರ್ಟು ಅಂದ ಕೂಡಲೇ ದೊಡ್ಡಪ್ಪನ ಬಾಯಲ್ಲಿ ಬರುವುದು ಒಂದೇ ಮಾತು: ಗೆದ್ದವನು ಸೋತ, ಸೋತವನು ಸತ್ತ. ಜಮೀನಿನ ಕೇಸಿಗೆ ಇಪ್ಪತ್ತು ವರ್ಷ ಓಡಾಡಿದ ಮನುಷ್ಯ, ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಅತ್ತಿಗೆಯ ಹೊಲಿಗೆ ಮೆಷಿನ್ ವಿಷಯದಲ್ಲಿ ನಾವು ಅವರ ಮಾತು ಕೇಳಲಿಲ್ಲ. ಹದಿನಾರು ತಿಂಗಳು ಹಿಡಿಯಿತು. ದುಡ್ಡು ಬಂತು. ಹೋಟೆಲಿಗೆ, ಮಿಕ್ಸಿಗೆ, ಸಲೂನಿಗೆ ಎಲ್ಲಾ ಸ್ಟಾರ್ ಕೊಡುತ್ತೇವಲ್ಲ, ಕೆಟ್ಟ ಮಾಲು, ಕೆಟ್ಟ ಸೇವೆಯ ದೂರು ಕೇಳುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಯಾಕೆ ಕೊಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಯಾವ ಜಿಲ್ಲೆ, ಯಾವ ಅಂಗಡಿ ಅಂತ ಹೇಳುವುದಿಲ್ಲ. ಅವರು ದುಡ್ಡು ಕೊಟ್ಟಾಗಿದೆ, ಮುಗಿಯಿತು.

ಕಥೆ ಶುರುವಾಗಿದ್ದು 2024ರ ಜುಲೈನಲ್ಲಿ. ಅತ್ತಿಗೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹಳೇ ಕಾಲಿನ ಮೆಷಿನ್ ಸಾಕಾಗಿತ್ತು. 31,500 ರೂಪಾಯಿ ಕೊಟ್ಟು ಸರ್ವೊ ಮೋಟಾರಿನ ಪವರ್ ಮೆಷಿನ್ ತಂದರು. ಇಪ್ಪತ್ತು ಸಾವಿರ ಫೋನಿನಲ್ಲಿ, ಮಿಕ್ಕಿದ್ದು ಕ್ಯಾಶ್. ಅಂಗಡಿಯವರು ಮೊದಲು ಕೊಟ್ಟಿದ್ದು 'ಎಸ್ಟಿಮೇಟ್' ಅಂತ ಬರೆದ ಗುಲಾಬಿ ಚೀಟಿ. ಬಿಲ್ ಬೇಕು ಅಂದರೆ ಟ್ಯಾಕ್ಸ್ ಜಾಸ್ತಿ ಆಗುತ್ತೆ ಅಕ್ಕಾ ಅಂದರಂತೆ. ಅತ್ತಿಗೆಗೆ ಮಹಿಳಾ ಸಂಘದ ಸಾಲಕ್ಕೆ ಬಿಲ್ ಬೇಕಿತ್ತು, ಅದಕ್ಕೇ ಹಟ ಹಿಡಿದು ಮೆಷಿನ್ ನಂಬರ್ ಸಮೇತ ಜಿಎಸ್‌ಟಿ ಬಿಲ್ ಮಾಡಿಸಿಕೊಂಡರು. ಆ ಹಟವೇ ಆಮೇಲೆ ನಮ್ಮನ್ನು ಕಾಪಾಡಿತು. ಬಿಲ್ ಕೊಡದೇ ಇರುವುದೇ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ತಪ್ಪು ವ್ಯಾಪಾರ ಅಂತ ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಹತ್ತೊಂಬತ್ತನೇ ದಿನ ಮೆಷಿನ್ ಕೈಕೊಟ್ಟಿತು. ಮೊದಲು ಹೊಲಿಗೆ ಜಂಪ್ ಆಗುವುದಕ್ಕೆ ಶುರು. ಆಮೇಲೆ ಬಟ್ಟೆ ತಿರುಗಿಸಿ ನೋಡಿದರೆ ಕೆಳಗಡೆ ದಾರವೆಲ್ಲ ಗುಬ್ಬಚ್ಚಿ ಗೂಡಿನ ತರ ಗಂಟು. ಅರ್ಧ ಗಂಟೆ ಓಡಿಸಿದರೆ ಮೋಟಾರ್ ಮೇಲೆ ಕೈ ಇಡುವ ಹಾಗಿಲ್ಲ. ಒಂದು ರೇಷ್ಮೆ ಬ್ಲೌಸಿನ ತೋಳು ಆ ಗಂಟಿಗೆ ಸಿಕ್ಕಿ ಹರಿದೇ ಹೋಯಿತು, ಅದರ ದುಡ್ಡನ್ನು ಅತ್ತಿಗೆಯೇ ಕೊಟ್ಟರು. ಆ ವರ್ಷ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 16ಕ್ಕೆ. ಒಪ್ಪಿಕೊಂಡಿದ್ದ ಬ್ಲೌಸು ನಲವತ್ತೊಂದು. ಟೈಲರ್ ಮನೆಯಲ್ಲಿ ಇದ್ದವರಿಗೆ ಗೊತ್ತು, ವರಮಹಾಲಕ್ಷ್ಮಿ ಹಿಂದಿನ ಹದಿನೈದು ದಿನ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿಲ್ಲ. ಹಳೇ ಮೆಷಿನನ್ನೇ ಅಟ್ಟದಿಂದ ಇಳಿಸಿ ರಾತ್ರಿ ಎರಡರ ತನಕ ತುಳಿದರು.

ಅಂಗಡಿಯ ಮೆಕ್ಯಾನಿಕ್ ಮೂರು ಸಲ ಬಂದ. ಮೂರನೇ ಸಲ ಅವನೇ, "ಹುಕ್ ಟೈಮಿಂಗ್ ನಿಲ್ತಾ ಇಲ್ಲ ಮೇಡಂ, ಶಾಫ್ಟೇ ಸರಿ ಇಲ್ಲ" ಅಂತ ಹೇಳಿ ಹೋದ. ಅಂಗಡಿಯವರು ಮಾತ್ರ, ನಿಮ್ಮ ಮನೆ ವೋಲ್ಟೇಜ್ ಸರಿಯಿಲ್ಲ ಅಂದರು. ಕಂಪನಿಗೆ ಫೋನ್ ಮಾಡಿದರೆ ಡೀಲರ್ ಹತ್ತಿರ ಮಾತಾಡಿ, ಡೀಲರ್ ಹತ್ತಿರ ಹೋದರೆ ಕಂಪನಿ ಹತ್ತಿರ ಮಾತಾಡಿ. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ' ಅಂತ ಬೇರೆ ಇತ್ತು, ಅದರ ಮೇಲೆ ಬೆರಳಿಟ್ಟು ತೋರಿಸಿದರು. ಈ ಸಾಲು ನಮ್ಮ ಊರಿನ ಅರ್ಧ ಬಿಲ್‌ಗಳ ಮೇಲೆ ಇದೆ, ನೋಡಿದರೆ ಕಾನೂನೇ ಅನ್ನಿಸುತ್ತದೆ. ಆದರೆ ಕಾನೂನು ಹೇಳುವುದು ಉಲ್ಟಾ. ಮಾಲಿನಲ್ಲಿ ದೋಷ ಇದ್ದರೆ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದೇ ಇರುವುದೇ ತಪ್ಪು ವ್ಯಾಪಾರ.

ಮೊದಲು ನಾವು ಹಿಡಿದಿದ್ದು 1915 ನಂಬರ್. ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ. ಇದಕ್ಕೆ ಬೇರೆಯಾಗಿಯೇ ನಾಲ್ಕು ಸ್ಟಾರ್ ಕೊಡುತ್ತೇನೆ. ಕನ್ನಡದಲ್ಲೇ ಮಾತಾಡಿದರು, ತಾಳ್ಮೆಯಿಂದ ಕೇಳಿದರು, ದೂರಿಗೊಂದು ನಂಬರ್ ಕೊಟ್ಟು ಕಂಪನಿಗೆ ಕಳಿಸಿದರು. ಒಂದು ರೂಪಾಯಿ ಖರ್ಚಿಲ್ಲ. ಆದರೆ ಒಂದು ವಿಷಯ ತಿಳಿದುಕೊಂಡು ಫೋನ್ ಮಾಡಿ: ಅವರಿಗೆ ಆರ್ಡರ್ ಮಾಡುವ ಅಧಿಕಾರ ಇಲ್ಲ. ಅವರು ಕೇಳಬಹುದು, ಕಂಪನಿ ಕೊಟ್ಟರೆ ಕೊಟ್ಟಿತು, ಇಲ್ಲದಿದ್ದರೆ ಇಲ್ಲ. ನಮ್ಮ ಕಂಪನಿ, 'ಗ್ರಾಹಕರ ಕಡೆಯ ವಿದ್ಯುತ್ ಸಮಸ್ಯೆ' ಅಂತ ಒಂದೇ ಸಾಲು ಬರೆದು ಕೈ ತೊಳೆದುಕೊಂಡಿತು. ಸುಮ್ನೆ ಹೋಯಿತು ಅಂದುಕೊಂಡೆವು. ಆದರೆ ಆ ಒಂದು ಸಾಲು ಲಿಖಿತವಾಗಿ ಸಿಕ್ಕಿತಲ್ಲ, ಅದೇ ಆಮೇಲೆ ನಮ್ಮ ಐದನೇ ದಾಖಲೆ ಆಯಿತು.

ಆಗಸ್ಟ್ ಕೊನೆಗೆ ಅಂಗಡಿಗೂ ಕಂಪನಿಗೂ ನಾನೇ ಒಂದು ನೋಟಿಸ್ ಬರೆದೆ. ವಕೀಲರ ಲೆಟರ್‌ಹೆಡ್ ಏನೂ ಇಲ್ಲ, ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ: ಇಂಥ ದಿನ ತಗೊಂಡೆವು, ಇಂಥ ದಿನ ಕೆಟ್ಟಿತು, ನಿಮ್ಮ ಮೆಕ್ಯಾನಿಕ್ ಇಂಥ ಮೂರು ದಿನ ಬಂದಿದ್ದ, ಹದಿನೈದು ದಿನದೊಳಗೆ ದುಡ್ಡು ಅಥವಾ ಹೊಸ ಮೆಷಿನ್ ಕೊಡಿ. ಅಕ್ನಾಲೆಡ್ಜ್‌ಮೆಂಟ್ ಸಮೇತ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. (ಆಗಿನ್ನೂ ರಿಜಿಸ್ಟರ್ಡ್ ಪೋಸ್ಟ್ ಇತ್ತು. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು.) ನೋಟಿಸ್ ಕೊಡಲೇಬೇಕು ಅಂತ ಕಾನೂನಿಲ್ಲ. ಆದರೂ ಕೊಡಿ. ಆಮೇಲೆ ಆಯೋಗದಲ್ಲಿ ಕೂತು ಕೇಳುವವರಿಗೆ, ಇವರು ಮೊದಲು ಮರ್ಯಾದೆಯಾಗಿ ಕೇಳಿದ್ದರು ಅಂತ ಗೊತ್ತಾಗುತ್ತದೆ. ಉತ್ತರ ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಆಯೋಗಕ್ಕೆ ದೂರು ಹಾಕಿದೆವು. ಇಲ್ಲಿ ಖುಷಿ ಕೊಟ್ಟ ವಿಷಯ ಎರಡು. ಒಂದು, ಫೀಸು. ತಗೊಂಡ ಮಾಲಿನ ಬೆಲೆ 5 ಲಕ್ಷದೊಳಗಿದ್ದರೆ ಫೀಸು ಸೊನ್ನೆ. 10 ಲಕ್ಷದವರೆಗೂ ಬರೀ 200 ರೂಪಾಯಿ. ಎರಡು, ಜಾಗ. ಮೊದಲೆಲ್ಲ ಅಂಗಡಿ ಇರುವ ಊರಿಗೆ ಹೋಗಿ ಕೇಸು ಹಾಕಬೇಕಿತ್ತು. ಅದೇ 2019ರ ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ನಾವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಹಾಕಬಹುದು. ಆನ್‌ಲೈನಿನಲ್ಲಿ ಎಲ್ಲಿಂದಲೋ ತರಿಸುವವರಿಗೆ ಇದು ದೊಡ್ಡ ಅನುಕೂಲ. ನಾವು ಹಾಕಿದಾಗ ಆನ್‌ಲೈನ್ ಪೋರ್ಟಲ್ ಹೆಸರು ಇ-ದಾಖಿಲ್, 2025ರ ಜನವರಿಯಿಂದ ಅದರ ಜಾಗಕ್ಕೆ ಇ-ಜಾಗೃತಿ ಬಂದಿದೆ. ಜಿಲ್ಲಾ ಆಯೋಗದಲ್ಲಿ 50 ಲಕ್ಷದವರೆಗಿನ ವ್ಯವಹಾರದ ದೂರು ಹಾಕಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು, ಇದನ್ನು ಮಾತ್ರ ಮರೆಯಬೇಡಿ.

ಆನ್‌ಲೈನಿನಲ್ಲಿ ಹಾಕಿದ ಮೇಲೂ ಕಾಗದದ ಪ್ರತಿ ತನ್ನಿ ಅಂದರು. ದೂರು, ಪ್ರಮಾಣಪತ್ರ (ಅಫಿಡವಿಟ್), ದಾಖಲೆಗಳ ಪಟ್ಟಿ, ಬಿಲ್, ವಾರಂಟಿ ಕಾರ್ಡ್, ವಾಟ್ಸಾಪ್ ಮಾತುಕತೆಯ ಪ್ರಿಂಟ್, ಎದುರುದಾರರು, ಅಂದರೆ ನಾವು ಯಾರ ಮೇಲೆ ದೂರು ಕೊಟ್ಟಿದ್ದೇವೋ ಅವರು, ಎಷ್ಟು ಜನ ಇದ್ದಾರೋ ಅಷ್ಟು ಸೆಟ್. ವಾಟ್ಸಾಪ್ ಪ್ರಿಂಟ್ ಸುಮ್ನೆ ಕೊಟ್ಟರೆ ನಡೆಯುವುದಿಲ್ಲ, ಈ ಫೋನಿನಿಂದಲೇ ತೆಗೆದದ್ದು ಅಂತ ಸಾಕ್ಷ್ಯ ಕಾಯ್ದೆಯಂತೆ ಒಂದು ಸರ್ಟಿಫಿಕೇಟ್ ಜೊತೆಗಿರಬೇಕು ಅಂತ ಅಲ್ಲಿನ ಗುಮಾಸ್ತರೊಬ್ಬರು ಹೇಳಿಕೊಟ್ಟರು. ಪುಟದ ನಂಬರ್ ಹಾಕಿಲ್ಲ ಅಂತ ಒಂದು ಸಲ ವಾಪಸ್ ಕಳಿಸಿದರು ಕೂಡ. ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಾನೂ ಅತ್ತಿಗೆಯೂ ನಿಂತು ನೂರಾ ಹನ್ನೆರಡು ಪುಟಕ್ಕೆ ಪೆನ್ನಿನಲ್ಲಿ ನಂಬರ್ ಹಾಕಿದೆವು. ಜೆರಾಕ್ಸ್ ಹುಡುಗ ಕೊನೆಗೆ ಸೂಜಿ ದಾರ ಹುಡುಕುತ್ತಿದ್ದ, ಅತ್ತಿಗೆ ತಮ್ಮ ಪರ್ಸಿನಿಂದಲೇ ಸೂಜಿ ತೆಗೆದು ನಾಲ್ಕು ಸೆಟ್ಟನ್ನೂ ಹೊಲಿದು ಕೊಟ್ಟರು. ಅಷ್ಟು ನೀಟಾಗಿ ಹೊಲಿದ ದೂರು ಆ ಆಫೀಸಿಗೆ ಬಂದಿರಲಿಕ್ಕಿಲ್ಲ.

ಒಳಗಿನ ವಾತಾವರಣ ಹೇಗಿದೆ ಅಂದರೆ, ಹೆದರುವಂಥದ್ದು ಏನಿಲ್ಲ. ಸಿನಿಮಾದ ಕೋರ್ಟ್ ತರ ಕಟಕಟೆ ಗಿಟಕಟೆ ಇಲ್ಲ. ಒಂದು ಹಾಲ್, ಎದುರಿಗೆ ಅಧ್ಯಕ್ಷರು, ಸದಸ್ಯರು. ಹೆಸರು ಕೂಗುತ್ತಾರೆ, ಹೋಗಿ ನಿಲ್ಲಬೇಕು. ವಕೀಲರನ್ನು ಇಡಲೇಬೇಕು ಅಂತಿಲ್ಲ, ನಮ್ಮ ಕೇಸನ್ನು ನಾವೇ ಹೇಳಬಹುದು. ಮೊದಲ ದಿನ ಅತ್ತಿಗೆ ಕೈ ನಡುಗುತ್ತಿತ್ತು. "ನಿಧಾನಕ್ಕೆ ಹೇಳಿ ಅಮ್ಮಾ, ಮೆಷಿನ್‌ಗೆ ಏನಾಯ್ತು" ಅಂತ ಕನ್ನಡದಲ್ಲೇ ಕೇಳಿದರು. ಮೆಷಿನ್ ವಿಷಯ ಅಂದ ಮೇಲೆ ಕೇಳಬೇಕಾ? ಬಾಬಿನ್, ಹುಕ್ಕು, ಶಾಫ್ಟು ಅಂತ ಅತ್ತಿಗೆ ನಿಲ್ಲಿಸದೇ ಹೇಳಿದರು. ಹರಿದ ರೇಷ್ಮೆ ತೋಳನ್ನೂ ಕವರಿನಲ್ಲಿ ಇಟ್ಟುಕೊಂಡು ಹೋಗಿದ್ದರು.

ಈಗ ಸ್ಟಾರ್ ಕಳೆಯುವ ವಿಷಯ. ಕಾನೂನಿನ ಪುಸ್ತಕದಲ್ಲಿ ಮೂರು ತಿಂಗಳಲ್ಲಿ ಮುಗಿಸಬೇಕು ಅಂತಿದೆ, ಲ್ಯಾಬಿಗೆ ಕಳಿಸಬೇಕಾದರೆ ಐದು ತಿಂಗಳು. ಎದುರಿನವರು ಉತ್ತರ ಕೊಡುವುದಕ್ಕೆ 30 ದಿನ, ಕೇಳಿಕೊಂಡರೆ ಇನ್ನು 15 ದಿನ, ಅಷ್ಟೇ. 45 ದಿನದ ಮೇಲೆ ಒಂದು ದಿನವೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠವೇ ಹೇಳಿದೆ. ಎದುರುದಾರರು ಸರಿಯಾಗಿ 44ನೇ ದಿನ ಉತ್ತರ ತಂದರು, ಅದು ಅವರ ಜಾಣತನ. ಅಲ್ಲಿಂದ ಮುಂದೆ ವಾಯಿದೆ ಮೇಲೆ ವಾಯಿದೆ. ಒಂದು ಸಲ ಅವರ ವಕೀಲರಿಗೆ ಜ್ವರ. ಒಂದು ಸಲ ಸದಸ್ಯರು ರಜೆ. ಒಂದು ಸಲ ಬೆಳಿಗ್ಗೆ ಹತ್ತೂವರೆಗೆ ಹೋಗಿ ಮಧ್ಯಾಹ್ನ ಮೂರಕ್ಕೆ ಹೆಸರು ಕೂಗಿದಾಗ ಗೊತ್ತಾಗಿದ್ದು, ಇವತ್ತು ಏನೂ ಇಲ್ಲ, ಮುಂದಿನ ತಿಂಗಳು ಬನ್ನಿ. ಒಟ್ಟು ಹನ್ನೊಂದು ತಾರೀಕು. ದಿನಗೂಲಿಯವರಿಗೆ, ಮನೆಯಲ್ಲಿ ಹೊಲಿದು ಬದುಕುವವರಿಗೆ ಹನ್ನೊಂದು ದಿನ ಅಂದರೆ ಸುಮ್ಮನೆ ಅಲ್ಲ. ವಿಡಿಯೊ ಮೂಲಕ ಹಾಜರಾಗುತ್ತೇವೆ ಅಂತ ಅರ್ಜಿ ಕೊಡುವುದಕ್ಕೆ ಕಾಯ್ದೆಯಲ್ಲೇ ಅವಕಾಶ ಇದೆ. ನಮಗೆ ಅದು ಗೊತ್ತಾಗುವ ಹೊತ್ತಿಗೆ ಎಂಟು ತಾರೀಕು ಮುಗಿದಿತ್ತು.

ಇದೇ ತರ ತಡವಾಗಿ ಗೊತ್ತಾದ ಇನ್ನೊಂದು ವಿಷಯ ಇದೆ, ಅದನ್ನು ಹೇಳದಿದ್ದರೆ ಈ ವಿಮರ್ಶೆ ದಂಡ. ಆರನೇ ಸಲ ಹೋದಾಗ ಪಕ್ಕದ ಬೆಂಚಿನ ಅಜ್ಜಿಯೊಬ್ಬರ ಜೊತೆ ವಕೀಲರಿದ್ದರು. ಎಷ್ಟು ಫೀಸು ಅಂತ ಅತ್ತಿಗೆ ಮೆಲ್ಲಗೆ ಕೇಳಿದರೆ, ಏನಿಲ್ಲ ಕಣಮ್ಮ, ಸರ್ಕಾರದವರೇ ಕೊಟ್ಟವರು ಅಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅಂತ ಒಂದಿದೆ. ಅದರ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಜೈಲಿನಲ್ಲಿರುವವರಿಗೂ ಅಷ್ಟೇ. ಉಳಿದವರಿಗೆ ಆದಾಯದ ಮಿತಿ ನೋಡುತ್ತಾರೆ. ಜಿಲ್ಲಾ ಕೋರ್ಟಿನಲ್ಲೇ ಆಫೀಸು, ಫೋನ್ 15100. ಬಾಡಿಗೆ ಮನೆ ಅಡ್ವಾನ್ಸ್ ವಾಪಸ್ ಕೊಡದ ಓನರ್ ವಿಷಯ ಸಾಮಾನ್ಯವಾಗಿ ಗ್ರಾಹಕ ಆಯೋಗಕ್ಕೆ ಬರುವುದಿಲ್ಲ, ಅಂಥದ್ದಕ್ಕೂ ಮೊದಲು ಇಲ್ಲಿಗೇ ಹೋಗಿ, ಇಬ್ಬರನ್ನೂ ಕರೆದು ಮಾತಾಡಿಸುತ್ತಾರೆ. ಆರು ತಾರೀಕು ನಾವಿಬ್ಬರೇ ಒದ್ದಾಡಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ತಮಾಷೆ ಕೂಡ ಹೇಳಿಬಿಡುತ್ತೇನೆ: ದುಡ್ಡು ಕೊಟ್ಟು ಇಟ್ಟ ವಕೀಲರು ಸರಿಯಾಗಿ ಕೇಸು ನಡೆಸಲಿಲ್ಲ ಅಂತ ಗ್ರಾಹಕ ಆಯೋಗಕ್ಕೆ ಹೋಗುವ ಹಾಗಿಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಾಕ್ಟರುಗಳು 1995ರಿಂದಲೇ ಬರುತ್ತಾರೆ!

ಇನ್ನು ಎದುರುದಾರರ ವಾದ. ವೋಲ್ಟೇಜ್ ಕಥೆ ಜಾಸ್ತಿ ದಿನ ನಿಲ್ಲಲಿಲ್ಲ. ಅದೇ ಲೈನಿನಲ್ಲಿ ಫ್ರಿಜ್ಜು, ಟಿವಿ, ಪಕ್ಕದ ಮನೆಯ ಹಿಟ್ಟಿನ ಗಿರಣಿ ಎಲ್ಲಾ ಓಡುತ್ತಿದ್ದವು. ಬೇರೆ ಮೆಕ್ಯಾನಿಕ್ ಒಬ್ಬರಿಂದ ಪ್ರಮಾಣಪತ್ರ ಮಾಡಿಸಿದೆವು, ಅಂಗಡಿ ಮೆಕ್ಯಾನಿಕ್‌ನ 'ಶಾಫ್ಟ್ ಪ್ರಾಬ್ಲಂ ಇದೆ ಓನರ್‌ಗೆ ಹೇಳ್ತೀನಿ' ಅನ್ನುವ ವಾಟ್ಸಾಪ್ ಮೆಸೇಜೂ ಇತ್ತು. ಆಗ ಅವರು ಇನ್ನೊಂದು ಬಾಣ ಬಿಟ್ಟರು. ಇವರು ಗ್ರಾಹಕರೇ ಅಲ್ಲ, ವ್ಯಾಪಾರಸ್ಥರು, ವಾಣಿಜ್ಯ ಉದ್ದೇಶಕ್ಕೆ ಮೆಷಿನ್ ತಗೊಂಡಿದ್ದಾರೆ ಅಂತ. ಸಾಕ್ಷಿಗೆ ಏನು ಕೊಟ್ಟರು ಗೊತ್ತಾ? ನಮ್ಮ ಗೇಟಿಗೆ ಕಟ್ಟಿದ್ದ ಎರಡಡಿಯ ಫ್ಲೆಕ್ಸಿನ ಕಲರ್ ಫೋಟೊ. 'ಇಲ್ಲಿ ಬ್ಲೌಸ್ ಹೊಲಿದು ಕೊಡಲಾಗುವುದು, ಪೀಕೊ ಫಾಲ್ ಮಾಡಲಾಗುವುದು.' ಯಾರೋ ನಮ್ಮ ಬೀದಿಗೆ ಬಂದು ಫೋಟೊ ಹೊಡೆದುಕೊಂಡು ಹೋಗಿದ್ದಾರೆ ಅಂತ ಅತ್ತಿಗೆಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈ ವಾದ ಸುಳ್ಳೇನಲ್ಲ, ಅರ್ಧ ನಿಜ. ವ್ಯಾಪಾರಕ್ಕೆ ಅಂತ ತಗೊಂಡ ಮಾಲಿಗೆ ಈ ಕಾಯ್ದೆ ಸಿಗುವುದಿಲ್ಲ. ಆದರೆ ಕಾಯ್ದೆಯಲ್ಲೇ ಒಂದು ವಿವರಣೆ ಇದೆ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೆ ತಗೊಂಡಿದ್ದರೆ ಅದು ವಾಣಿಜ್ಯ ಅಲ್ಲ. ಸ್ವಂತ ಓಡಿಸಿ ಜೀವನ ಮಾಡುವುದಕ್ಕೆ ಆಟೊ ತಗೊಂಡವನು ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಬಿಡಿಸಿ ಹೇಳಿದೆ. ಆಟೊ ಜಾಗದಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡರೆ ಆಯಿತು. ಅತ್ತಿಗೆ ಮಹಿಳಾ ಸಂಘದ ಸಾಲದ ಪುಸ್ತಕ ತೋರಿಸಿದರು, ಆಳು ಕಾಳು ಯಾರೂ ಇಲ್ಲ, ನಾನೊಬ್ಬಳೇ ಹೊಲಿಯುವುದು ಅಂತ ಪ್ರಮಾಣಪತ್ರದಲ್ಲಿ ಬರೆದರು. ಆ ಫ್ಲೆಕ್ಸನ್ನು ಇವತ್ತಿಗೂ ಬಿಚ್ಚಿಲ್ಲ.

2025ರ ಅಕ್ಟೋಬರಿನಲ್ಲಿ ತೀರ್ಪು ಬಂತು. 31,500 ರೂಪಾಯಿ ವಾಪಸ್, ದೂರು ಹಾಕಿದ ದಿನದಿಂದ ಶೇಕಡ 9 ಬಡ್ಡಿ, ಮಾನಸಿಕ ಹಿಂಸೆಗೆ 5,000, ಖರ್ಚಿಗೆ 3,000. ನಾವು ಮಾನಸಿಕ ಹಿಂಸೆಗೆ 50,000 ಕೇಳಿದ್ದೆವು. ಇಲ್ಲಿ ಒಂದು ಮಾತು, ಲಕ್ಷಗಟ್ಟಲೆ ಪರಿಹಾರ ಸಿಗುತ್ತದೆ ಅಂದುಕೊಂಡು ಹೋಗಬೇಡಿ. ಪೇಪರಿನಲ್ಲಿ ಬರುವುದು ಅಪರೂಪದ ಕೇಸುಗಳು. ಚಂಡೀಗಢದಲ್ಲಿ 2019ರಲ್ಲಿ ಬರೀ 3 ರೂಪಾಯಿಯ ಕಾಗದದ ಚೀಲಕ್ಕೆ ಚಪ್ಪಲಿ ಅಂಗಡಿಯವರು 9,000 ರೂಪಾಯಿ ಕಟ್ಟಬೇಕಾಯಿತು ಅನ್ನುವ ಸುದ್ದಿ ನೀವೂ ಓದಿರುತ್ತೀರಿ. ಓದುವುದಕ್ಕೆ ಮಜಾ, ಆದರೆ ಅದನ್ನೇ ಲೆಕ್ಕ ಹಿಡಿದು ಕೇಸು ಹಾಕಿದರೆ ಬೇಜಾರಾಗುತ್ತದೆ. ಸಿಗಬೇಕಾದ್ದು ಸಿಗುತ್ತದೆ, ಲಾಟರಿ ಸಿಗುವುದಿಲ್ಲ.

ತೀರ್ಪು ಬಂದ ಮೇಲೂ ದುಡ್ಡು ತಾನಾಗಿ ಬರುವುದಿಲ್ಲ, ಇದು ಯಾರೂ ಹೇಳದ ಸಂಗತಿ. 45 ದಿನ ಟೈಮ್ ಇತ್ತು, ಅಂಗಡಿಯವರು ಸದ್ದಿಲ್ಲ. ಮೇಲ್ಮನವಿ ಹಾಕುತ್ತೇವೆ ಅಂತ ಫೋನಿನಲ್ಲಿ ಹೆದರಿಸಿದರು. ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬೇಕಾದರೆ ತೀರ್ಪಿನ ಅರ್ಧ ದುಡ್ಡು ಮೊದಲೇ ಕಟ್ಟಬೇಕು, ಅಷ್ಟು ಕಟ್ಟಿ ಯಾರು ಬೆಂಗಳೂರಿಗೆ ಹೋಗುತ್ತಾರೆ? ಡಿಸೆಂಬರಿನಲ್ಲಿ ನಾವು ಅಮಲ್ಜಾರಿ ಅರ್ಜಿ, ಅಂದರೆ ತೀರ್ಪನ್ನು ಜಾರಿ ಮಾಡಿಸಿಕೊಡಿ ಅನ್ನುವ ಅರ್ಜಿ, ಹಾಕಿದೆವು. ತೀರ್ಪು ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು, ಇಲ್ಲವೇ ಕನಿಷ್ಠ 25,000 ದಂಡ, ಇಲ್ಲವೇ ಎರಡೂ. ಆ ನೋಟಿಸ್ ಕೈಗೆ ಸಿಕ್ಕಿದ ವಾರದಲ್ಲೇ ಅಂಗಡಿಯ ಓನರ್ ಧ್ವನಿ ಬದಲಾಯಿತು. ಜನವರಿಯಲ್ಲಿ ಡಿಡಿ ಬಂತು, ಬಡ್ಡಿ ಎಲ್ಲಾ ಸೇರಿ 43 ಸಾವಿರ ಚಿಲ್ಲರೆ. ನಮ್ಮ ಕೈಯಿಂದ ಜೆರಾಕ್ಸ್, ನೋಟರಿ, ಪೋಸ್ಟ್, ಬಸ್ಸು ಅಂತ ಹೋಗಿದ್ದು ಸುಮಾರು 2,300.

ಫೀಸಿಗೆ, ಕನ್ನಡದಲ್ಲಿ ಕೇಳಿಸಿಕೊಂಡಿದ್ದಕ್ಕೆ, ಕೊನೆಗೂ ದುಡ್ಡು ಬಂದಿದ್ದಕ್ಕೆ ಮೂರೂವರೆ. ವಾಯಿದೆಗಳಿಗೆ ಒಂದು ಸ್ಟಾರ್ ಕಟ್. ಗೆದ್ದ ಮೇಲೂ ಇನ್ನೊಂದು ಅರ್ಜಿ ಹಾಕಿಸಿದ್ದಕ್ಕೆ ಅರ್ಧ ಕಟ್. ದೊಡ್ಡಪ್ಪನ ಪ್ರಕಾರ ಐದಕ್ಕೆ ಐದು ಕೊಡಬೇಕಂತೆ, ಅವರು ಜೀವಮಾನದಲ್ಲಿ ಕಂಡ ಅತಿ ವೇಗದ ಕೇಸು ಇದು.

ಮೆಷಿನ್ ವಾಪಸ್ ಕೊಡಬೇಕು ಅಂತ ತೀರ್ಪಿನಲ್ಲೇ ಇತ್ತು. ಅಂಗಡಿಯ ಹುಡುಗ ಲಗೇಜ್ ಆಟೊ ತಂದ. ಮೋಟಾರು, ಟೇಬಲ್ಲು, ಸ್ಟ್ಯಾಂಡು ಎಲ್ಲಾ ಹತ್ತಿಸಿ ಹೊರಡುವುದರಲ್ಲಿದ್ದ. ಅತ್ತಿಗೆ ಗೇಟಿಗೆ ಅಡ್ಡ ನಿಂತರು. ಕೈಯಲ್ಲಿ ಬಿಳಿ ಹಾಳೆ, ಅದರಲ್ಲಿ ಮೆಷಿನ್ ನಂಬರ್, ತಾರೀಕು, 'ಮೇಲ್ಕಂಡ ಮೆಷಿನ್ ಎಲ್ಲಾ ಭಾಗಗಳ ಸಮೇತ ವಾಪಸ್ ಪಡೆದಿರುತ್ತೇನೆ' ಅಂತ ಆಗಲೇ ಬರೆದಿಟ್ಟಿದ್ದರು. ಹುಡುಗ ಆಟೊದ ಬಾನೆಟ್ ಮೇಲೆ ಇಟ್ಟು ಸಹಿ ಹಾಕಿದ. ಅತ್ತಿಗೆ ಅದನ್ನು ಊದಿ ಒಣಗಿಸಿ, "ಕೆಳಗೆ ಟೈಮೂ ಹಾಕಪ್ಪ" ಅಂದರು.